ಅಟ್ಟದಿಂದ ರಂಗಮಂದಿರಕ್ಕೆ ಬಂದ ಆಟ ಮತ್ತು ನೋಡುಗರ ಜಾಗ

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳಲ್ಲಿ ನಾಟಕ ನೋಡಿ ಮನೆಗೆ ಮರಳುವವರ ಮಾತಿನಲ್ಲಿ ಪಾತ್ರಧಾರಿಯ ಹಾಡು, ಪೆಟ್ಟಿಗೆ ಮಾಸ್ತರರ ಕೈಚಳಕ, ಹಾಸ್ಯಗಾರನ ಸಮಯಪ್ರಜ್ಞೆ ಇವುಗಳ ಜೊತೆಗೆ ತಪ್ಪದೆ ಬರುವ ಇನ್ನೊಂದು ಸಂಗತಿಯೆಂದರೆ ಎಲ್ಲಿ ಜಾಗ ಸಿಕ್ಕಿತು, ಅಲ್ಲಿಂದ ಏನು ಕಂಡಿತು, ಏನು ಕೇಳಿಸಿತು ಎಂಬುದು. ಗುಡಿಯ ಮುಂದಿನ ಅಟ್ಟದ ಮೇಲೆ ಶ್ರೀಕೃಷ್ಣ ಪಾರಿಜಾತವನ್ನು ನೋಡಿ ಬೆಳೆದವರು ಅದೇ ಮೇಳ ಪಟ್ಟಣದ ದೊಡ್ಡ ಭವನದಲ್ಲಿ ಅದೇ ಆಟವಾಡಿದಾಗ ಅದರಲ್ಲಿ ಏನೋ ಕಳೆದುಹೋಯಿತೆಂದು ಹೇಳುವುದುಂಟು. ಕಿರಿಯರು ಇದನ್ನು ಹಳಬರ ಹಳಹಳಿಕೆ ಎಂದು ತಳ್ಳಿಹಾಕುವುದೂ ಉಂಟು. ಆದರೆ ಈ ದೂರಿಗೆ ಅಳತೆಯ ಆಧಾರವಿದೆ, ಶಾಸ್ತ್ರದ ಆಧಾರವಿದೆ, ಎರಡು ಶತಮಾನಗಳಷ್ಟು ರಂಗಭೂಮಿಯ ಇತಿಹಾಸದ ಆಧಾರವೂ ಇದೆ, ಮತ್ತು ತಾಲೂಕು ಕೇಂದ್ರಗಳಲ್ಲಿ ಹೊಸ ರಂಗಮಂದಿರಗಳನ್ನು ಬಯಸುವವರೆಲ್ಲರೂ ಅದನ್ನು ಗಂಭೀರವಾಗಿ ಕೇಳಿಸಿಕೊಳ್ಳಬೇಕಾಗಿದೆ.

ಈ ಭಾಗದ ಜನಪದ ರಂಗಭೂಮಿಯಲ್ಲಿ ದೊಡ್ಡಾಟ ಮತ್ತು ಸಣ್ಣಾಟ ಎಂಬ ಎರಡು ಪ್ರಕಾರಗಳಿವೆ. ವೀರರಸ ಪ್ರಧಾನವಾದ ಪುರಾಣ ಕಥೆ, ಭಾರಿ ವೇಷ, ಕುಣಿತ ಇರುವುದು ದೊಡ್ಡಾಟ. ಕೆಲವೇ ಪಾತ್ರಗಳು, ಮನೆಮಾತಿನಂಥ ಸಂಭಾಷಣೆ, ಹಾಡಿನ ಬನಿ ಇರುವುದು ಸಣ್ಣಾಟ. ಸಂಗ್ಯಾ ಬಾಳ್ಯಾ ಸಣ್ಣಾಟಗಳಲ್ಲಿ ಹೆಸರಾದದ್ದು. ಅಪರಾಳ ತಮ್ಮಣ್ಣನ ಕೃತಿಯನ್ನು ಆಧರಿಸಿ ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ರಂಗಕ್ಕೆ ಒಗ್ಗಿಸಿದನೆಂದು ಹೇಳಲಾಗುವ ಶ್ರೀಕೃಷ್ಣ ಪಾರಿಜಾತದ ಕಥೆ ಪೌರಾಣಿಕವಾದರೂ ಅದರ ಸ್ವಭಾವ ಸಣ್ಣಾಟಕ್ಕೇ ಹತ್ತಿರವಾಗಿದ್ದು, ಕೌಜಲಗಿ ನಿಂಗಮ್ಮನಂಥ ಕಲಾವಿದೆಯಿಂದ ಅದು ಮನೆಮನೆಯ ಮಾತಾಯಿತು. ನಾರದ ತಂದ ಒಂದು ಹೂವು ರುಕ್ಮಿಣಿಯ ಪಾಲಾದದ್ದರಿಂದ ಸತ್ಯಭಾಮೆಗೆ ಬರುವ ಮುನಿಸು, ಕೃಷ್ಣನ ಓಲೈಕೆ, ಕೊರವಂಜಿಯ ವೇಷ, ಇವುಗಳ ನಡುವೆ ಭಾಗವತನೊಂದಿಗೆ ಮಾತಿಗೆ ಮಾತು ಬೆಳೆಸಿ ನಗಿಸುವ ದೂತಿ, ಇಷ್ಟರಲ್ಲೇ ಇಡೀ ರಾತ್ರಿ ಸಾಗುವ ಈ ಆಟದಲ್ಲಿ ಯುದ್ಧವಿಲ್ಲ, ಅಬ್ಬರವಿಲ್ಲ. ಇರುವುದು ಭಾಮೆಯ ಹುಬ್ಬಿನ ಚಲನೆ, ದನಿಯ ಏರಿಳಿತ, ದೂತಿಯ ಕಣ್ಣಿನ ಚುರುಕು. ಇವೆಲ್ಲ ಹತ್ತಿರದಿಂದ ನೋಡಬೇಕಾದವು.

ಅಟ್ಟವೆಂದರೆ ಕಂಬ ನೆಟ್ಟು, ಹಲಗೆ ಹಾಸಿ, ಮೇಲೆ ಚಪ್ಪರ ಕಟ್ಟಿ ಮಾಡಿಕೊಂಡ ತಾತ್ಕಾಲಿಕ ರಂಗಸ್ಥಳ. ಅದರ ಹಿಂಬದಿಗೆ ಪರದೆಯಿದ್ದು ಉಳಿದ ಮೂರು ಬದಿಗಳು ತೆರೆದಿರುತ್ತವೆ, ಜನ ಮೂರೂ ಬದಿಗೆ ಚಾಪೆ, ಕಂಬಳಿ ಹಾಸಿಕೊಂಡು ನೆಲದ ಮೇಲೆ ಕೂರುತ್ತಾರೆ. ಈ ಏರ್ಪಾಡಿನ ಜಾಣ್ಮೆಯನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಅಟ್ಟ 20 ಅಡಿ ಅಗಲ, 16 ಅಡಿ ಆಳ ಇದೆಯೆಂದೂ ನೆಲದ ಮೇಲೆ ಕೂರುವ ಒಬ್ಬರಿಗೆ ನಾಲ್ಕು ಚದರ ಅಡಿ ಜಾಗ ಬೇಕೆಂದೂ ಇಟ್ಟುಕೊಂಡರೆ, ಅಟ್ಟದ ಎದುರಿಗೆ ಅದರಷ್ಟೇ ಅಗಲದಲ್ಲಿ, 30 ಅಡಿ ದೂರದವರೆಗೆ ಕೂರಬಹುದಾದವರು ಸುಮಾರು 150 ಜನ ಮಾತ್ರ. ಅದೇ 30 ಅಡಿಯ ದೂರವನ್ನು ಎರಡೂ ಪಕ್ಕಗಳಿಗೆ ಮತ್ತು ಮುಂದಿನ ಎರಡು ಮೂಲೆಗಳ ಸುತ್ತಿಗೆ ವಿಸ್ತರಿಸಿದರೆ ಸಿಗುವ ಜಾಗ 3,000 ಚದರ ಅಡಿಯ ಹತ್ತಿರ, ಅಂದರೆ 740ರಷ್ಟು ಜನರಿಗೆ ಸಾಕು. ಯಾರೂ ಮೂವತ್ತು ಅಡಿಗಿಂತ ದೂರ ಹೋಗದೆ ನೋಡುಗರ ಸಂಖ್ಯೆ ಸುಮಾರು ಐದು ಪಟ್ಟು ಹೆಚ್ಚುತ್ತದೆ. ಧ್ವನಿವರ್ಧಕವಿಲ್ಲದ, ದೀವಟಿಗೆ ಮತ್ತು ಗ್ಯಾಸ್ ಬತ್ತಿಯ ಬೆಳಕಿನ ಕಾಲದಲ್ಲಿ ಊರಿಗೆ ಊರೇ ಕೂತು ನೋಡಲು ಸಾಧ್ಯವಾದದ್ದು ಈ ಏರ್ಪಾಡಿನಿಂದಲೇ ಎಂಬುದನ್ನು ಮರೆಯಬಾರದು.

ಒಂದೇ ಬದಿಯಿಂದ ನೋಡುವ, ಚೌಕಟ್ಟಿನೊಳಗಿನ ರಂಗ ಈ ಸೀಮೆಗೆ ಬಂದ ದಾರಿಯಲ್ಲಿ ಈ ಊರುಗಳ ಹಳೆಯ ಆಡಳಿತದ ಪಾಲೂ ಇದೆ. ಸ್ವಾತಂತ್ರ್ಯಕ್ಕೆ ಮೊದಲು ಜಮಖಂಡಿ ಪಟವರ್ಧನರ ಸಂಸ್ಥಾನವಾಗಿತ್ತು, ಮುಧೋಳ ಘೋರ್ಪಡೆಯವರದಾಗಿತ್ತು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು, ಇಂದು ಒಂದೇ ನಗರವಾಗಿರುವ ಜೋಡಿ ಊರುಗಳಲ್ಲಿ ಬನಹಟ್ಟಿ ಜಮಖಂಡಿಗೂ ರಬಕವಿ ಸಾಂಗ್ಲಿಗೂ ಸೇರಿದ್ದವು. ಆ ಸಾಂಗ್ಲಿಯಲ್ಲಿಯೇ, ಅಲ್ಲಿನ ಅರಸ ಚಿಂತಾಮಣರಾವ ಪಟವರ್ಧನರ ಆಶ್ರಯದಲ್ಲಿ, ವಿಷ್ಣುದಾಸ ಭಾವೆಯವರು 1843ರಲ್ಲಿ ಸೀತಾಸ್ವಯಂವರವನ್ನು ಆಡಿಸಿದರು. ಅದಕ್ಕೆ ಪ್ರೇರಣೆಯಾದದ್ದು ಉತ್ತರ ಕನ್ನಡದ ಕರ್ಕಿಯಿಂದ ಬಂದಿದ್ದ ಯಕ್ಷಗಾನ ಮೇಳದ ಆಟವೆಂದು ರಂಗಭೂಮಿಯ ಇತಿಹಾಸಕಾರರು ಹೇಳುತ್ತಾರೆ. 1851ರಲ್ಲಿ ಚಿಂತಾಮಣರಾವರು ತೀರಿಕೊಂಡ ಮೇಲೆ ಆಶ್ರಯ ತಪ್ಪಿದ ಭಾವೆಯವರ ಮಂಡಳಿ ಊರೂರು ತಿರುಗಬೇಕಾಯಿತು, 1853ರಲ್ಲಿ ಮುಂಬಯಿಗೆ ಹೋಗಿ ಅಲ್ಲಿನ ಗ್ರ್ಯಾಂಟ್ ರೋಡ್ ಥಿಯೇಟರಿನಲ್ಲಿಯೂ ಆಡಿತು. ಅರಸನ ಕರೆಯ ಮೇಲೆ ಬಂದು ಕೂರುವ ಅತಿಥಿಗಳ ಮುಂದೆ ಹುಟ್ಟಿದ ಆಟ, ದುಡ್ಡು ಕೊಟ್ಟು ಟಿಕೀಟು ಪಡೆದು ದರಕ್ಕೆ ತಕ್ಕ ಆಸನದಲ್ಲಿ ಕೂರುವವರ ಮುಂದೆ ನಿಂತದ್ದು ಆಗ. ಸಣ್ಣ ಜಾಗದಿಂದ ದೊಡ್ಡ ಜಾಗಕ್ಕೆ ನಾಟಕವೊಂದು ಸ್ಥಳಾಂತರಗೊಂಡ ಈ ಘಟನೆಯ ಪರಿಣಾಮ ಮರಾಠಿಗೆ ಮಾತ್ರ ಸೀಮಿತವಾಗಿರಲಿಲ್ಲ. ಉತ್ತರ ಕರ್ನಾಟಕದಲ್ಲೆಲ್ಲ ಮರಾಠಿ ನಾಟಕ ಮಂಡಳಿಗಳು ಸಂಚರಿಸತೊಡಗಿದವು, ಅದಕ್ಕೆ ಉತ್ತರವಾಗಿ 1870ರ ದಶಕದಲ್ಲಿ ಶಾಂತಕವಿಗಳು ಗದಗದಲ್ಲಿ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿದರು, ಮುಂದಿನ ಅರ್ಧ ಶತಮಾನದಲ್ಲಿ ಕೊಣ್ಣೂರು, ಶಿರಹಟ್ಟಿ, ಗದಗಗಳ ಕಂಪನಿಗಳು ಬೆಳೆದವು.

ಕಂಪನಿ ನಾಟಕದ ಥೇಟರೆಂದರೆ ಬಿದಿರು, ತಗಡು, ತಟ್ಟಿಗಳಿಂದ ಕಟ್ಟಿ, ಆ ಊರಿನ ಮೊಕ್ಕಾಂ ಮುಗಿದ ಕೂಡಲೇ ಬಿಚ್ಚಿ ಮುಂದಿನ ಊರಿಗೆ ಒಯ್ಯುವ ಮನೆ. ಅದರಲ್ಲಿ ಮೂರು ಬದಿಯ ನೋಟ ಹೋಗಿ ಒಂದೇ ಬದಿಯ ನೋಟ ಬಂತು. ಸೀನರಿಯ ಪರದೆಗಳಿಗೂ ಟ್ರಿಕ್ ಸೀನುಗಳಿಗೂ ಅದು ಅನಿವಾರ್ಯವಾಗಿತ್ತು, ಏಕೆಂದರೆ ಪಕ್ಕದಿಂದ ನೋಡಿದರೆ ದೇವಲೋಕದ ಪರದೆಯ ಹಿಂದಿನ ಹಗ್ಗ ಕಾಣುತ್ತದೆ. ನೆಲ, ಬೆಂಚು, ಕುರ್ಚಿ ಎಂದು ದರದ ಪ್ರಕಾರ ಜಾಗ ಹಂಚಿಹೋಯಿತು, ಹೆಂಗಸರಿಗೆ ಬೇರೆ ಪಾಲು ಏರ್ಪಟ್ಟಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸಿನೆಮಾ ಟಾಕೀಜಿನಲ್ಲಿ ಪರದೆಗೆ ಹತ್ತಿರದ ಜಾಗ ಅಗ್ಗ, ಹಿಂದಿನ ಬಾಲ್ಕನಿ ತುಟ್ಟಿ. ನಾಟಕದ ಥೇಟರಿನಲ್ಲಿ ಮುಂದಿನ ಕುರ್ಚಿಯೇ ತುಟ್ಟಿ, ಹಿಂದಿನ ಜಾಗ ಅಗ್ಗ. ಎರಡೂ ಕಲೆಗಳನ್ನು ಚೆನ್ನಾಗಿ ಬಲ್ಲ ಪ್ರೇಕ್ಷಕರು ಮಾಡಿದ ಬೆಲೆಕಟ್ಟಿನಲ್ಲಿಯೇ ನಾಟಕಕ್ಕೆ ಸಾಮೀಪ್ಯ ಎಷ್ಟು ಮುಖ್ಯವೆಂಬ ತೀರ್ಪು ಇದೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇಂದಿಗೂ ಹಲವು ಕಂಪನಿಗಳು ಒಟ್ಟಿಗೆ ಥೇಟರು ಹಾಕಿ, ಜಾತ್ರೆಯ ದಿನಗಳಲ್ಲಿ ರಾತ್ರಿಯೊಂದಕ್ಕೆ ಒಂದಕ್ಕಿಂತ ಹೆಚ್ಚು ಪ್ರಯೋಗಗಳನ್ನು ಆಡುತ್ತವೆ, ನಾಲ್ಕೂ ತಾಲೂಕುಗಳಿಂದ ಹೋಗುವ ರೈತರು ಮತ್ತು ನೇಕಾರರು ಅವನ್ನು ಬೆಳಗಿನವರೆಗೆ ನೋಡುತ್ತಾರೆ. ಇಂಥ ಥೇಟರುಗಳು ದೊಡ್ಡದಾದಂತೆ ರಂಗದ ಮುಂಭಾಗದಲ್ಲಿ ಮೈಕು ತೂಗುಬಿದ್ದಿತು, ಪಾತ್ರಧಾರಿಗಳೆಲ್ಲ ತಮ್ಮ ಮುಖ್ಯ ಮಾತಿಗೆ ಅದರ ಕೆಳಗೆ ಬಂದು ನಿಲ್ಲುವುದು ರೂಢಿಯಾಯಿತು. ಹೀಗೆ ಪ್ರೇಕ್ಷಕರ ಕೊನೆಯ ಸಾಲು ಹಿಂದೆ ಸರಿದದ್ದರಿಂದ ರಂಗದ ಮೇಲಿನ ನಡಿಗೆಯೇ ಬದಲಾಯಿತು.

ದೊಡ್ಡ ಜಾಗವನ್ನು ಕಂಠದಿಂದಲೇ ತುಂಬುವ ವಿದ್ಯೆಯನ್ನು ಈ ಕಂಪನಿಗಳು ಕಲಿಸಿದವು ಎಂಬುದಕ್ಕೆ ಬೀಳಗಿಯೇ ಸಾಕ್ಷಿ. ಬೀಳಗಿಯಲ್ಲಿ ಹುಟ್ಟಿದ ಗೋಹರಬಾಯಿ ಮತ್ತು ಅಮೀರಬಾಯಿ ಕರ್ನಾಟಕಿ ಸಹೋದರಿಯರು ಕನ್ನಡ ಕಂಪನಿ ರಂಗಭೂಮಿಯಲ್ಲಿ ಪಳಗಿದವರು. ಗೋಹರಬಾಯಿ ಮರಾಠಿ ರಂಗಭೂಮಿಯ ಮೇರುನಟ ಬಾಲಗಂಧರ್ವರ ಜೊತೆಗೂಡಿ ಆ ರಂಗಭೂಮಿಯಲ್ಲಿ ಉಳಿದರೆ, ಅಮೀರಬಾಯಿ ಹಿಂದಿ ಚಿತ್ರರಂಗಕ್ಕೆ ಹೋಗಿ 1943ರ ಕಿಸ್ಮತ್ ಚಿತ್ರದ ಹಾಡುಗಳಿಂದ ದೇಶದ ಮನೆಮಾತಾದರು, ವಿಜಾಪುರದ ಅಮೀರ್ ಟಾಕೀಜ್ ಅವರ ಹೆಸರನ್ನೇ ಹೊತ್ತಿತು. ಒಬ್ಬ ಗಾಯಕಿ ಕೊನೆಯ ಸಾಲಿನವರೆಗೆ ದನಿ ಮುಟ್ಟಿಸಬೇಕಾದ ರಂಗದಿಂದ, ಪಿಸುಮಾತನ್ನೂ ಹಿಡಿಯುವ ಸ್ಟುಡಿಯೋದ ಮೈಕಿನ ಮುಂದಕ್ಕೆ ಬರುವುದು ಸಾಮಾನ್ಯ ಬದಲಾವಣೆಯಲ್ಲ. ಇಬ್ಬರು ಸಹೋದರಿಯರ ಬಾಳಿನಲ್ಲಿ ಎರಡೂ ರೀತಿಗಳು ಒಟ್ಟಿಗೆ ಕಾಣುತ್ತವೆ. ರಹಮತ್ ತರೀಕೆರೆಯವರು ಅಮೀರಬಾಯಿಯ ಬಗ್ಗೆ ಬರೆದ ಪುಸ್ತಕದಿಂದ ಬೀಳಗಿಯ ಈ ನಂಟು ಕನ್ನಡ ಓದುಗರಿಗೆ ಮರಳಿ ಪರಿಚಯವಾಗಿದೆ.

ನೋಡುಗರ ಮನೆ ಎಷ್ಟು ದೊಡ್ಡದಿರಬೇಕೆಂಬ ಪ್ರಶ್ನೆಯನ್ನು ಭರತನ ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯ ನೇರವಾಗಿ ಎತ್ತಿಕೊಳ್ಳುತ್ತದೆ. ನಾಟ್ಯಗೃಹಗಳಲ್ಲಿ ವಿಕೃಷ್ಟ ಅಂದರೆ ಉದ್ದನೆಯ ಆಯತ, ಚತುರಸ್ರ ಅಂದರೆ ಚೌಕ, ತ್ರ್ಯಸ್ರ ಅಂದರೆ ತ್ರಿಕೋನ ಎಂದು ಮೂರು ಆಕಾರಗಳನ್ನೂ, 108, 64 ಮತ್ತು 32 ಹಸ್ತಗಳ ಮೂರು ಅಳತೆಗಳನ್ನೂ ಹೇಳಿ, ಮನುಷ್ಯರಿಗೆ 64 ಹಸ್ತ ಉದ್ದ, 32 ಹಸ್ತ ಅಗಲದ ಮಧ್ಯಮ ಗೃಹವೇ ತಕ್ಕದ್ದೆಂದು ಅದು ನಿರ್ಣಯಿಸುತ್ತದೆ. ಅದಕ್ಕಿಂತ ದೊಡ್ಡದು ಮಾಡಿದರೆ ಆಡಿದ ಮಾತು ಅಸ್ಪಷ್ಟವಾಗಿ ಕೆಡುತ್ತದೆ, ಮುಖದ ಮೇಲಿನ ಭಾವ ಮತ್ತು ದೃಷ್ಟಿಯ ಸೂಕ್ಷ್ಮಗಳು ಕಾಣದೆ ಹೋಗುತ್ತವೆ ಎಂಬುದು ಅದು ಕೊಡುವ ಕಾರಣ. ಹಸ್ತವೆಂದರೆ ಮೊಳ, ಸುಮಾರು ಒಂದೂವರೆ ಅಡಿ. ಹಾಗಾಗಿ ಈ ಮನೆ 96 ಅಡಿ ಉದ್ದ, 48 ಅಡಿ ಅಗಲದ್ದು. ಅದರಲ್ಲಿ ಅರ್ಧ ರಂಗಕ್ಕೂ ವೇಷ ಕಟ್ಟುವ ನೇಪಥ್ಯಕ್ಕೂ ಹೋದರೆ ನೋಡುಗರಿಗೆ ಉಳಿಯುವುದು 48 ಅಡಿಯ ಒಂದು ಚೌಕ. ಅದರಲ್ಲಿ ಕಟ್ಟಕಡೆಯವರು ಕೂಡ ರಂಗದ ಅಂಚಿನಿಂದ ಹದಿನೈದು ಮೀಟರಿಗಿಂತ ದೂರವಿರುವುದಿಲ್ಲ. ಓಡಾಡುವ ದಾರಿಯನ್ನೂ ಸೇರಿಸಿ ಒಬ್ಬರಿಗೆ ಆರೇಳು ಚದರ ಅಡಿ ಹಿಡಿದರೆ ಅಲ್ಲಿ ಮುನ್ನೂರೈವತ್ತರ ಆಸುಪಾಸು ಜನ ಕೂರಬಹುದು. 2004ರಲ್ಲಿ ಬೆಂಗಳೂರಿನಲ್ಲಿ ತೆರೆದ ರಂಗಶಂಕರದ ಆಸನಗಳ ಸಂಖ್ಯೆಯೂ ಮುನ್ನೂರಿಪ್ಪತ್ತರಷ್ಟಿದ್ದು, ಅದರ ರಂಗಸ್ಥಳ ನೋಡುಗರತ್ತ ಮುಂದಕ್ಕೆ ಚಾಚಿಕೊಂಡಿದೆ ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ. ಆಸನಗಳು ಮೆಟ್ಟಿಲಿನಂತೆ ಏರಿರಬೇಕು, ಇಟ್ಟಿಗೆ ಮತ್ತು ಮರದಿಂದ ಕಟ್ಟಿರಬೇಕು, ಗಾಳಿ ನೇರವಾಗಿ ನುಗ್ಗದಂತೆ ಸಣ್ಣ ಕಿಟಕಿಗಳಿದ್ದು ಮನೆ ಬೆಟ್ಟದ ಗವಿಯಂತೆ ದನಿಯನ್ನು ಹಿಡಿದಿಡಬೇಕು ಎಂಬ ಮಾತುಗಳೂ ಅದೇ ಅಧ್ಯಾಯದಲ್ಲಿವೆ.

ಇಂದಿನ ರಂಗಮಂದಿರ ವಿನ್ಯಾಸಕರ ಮಾತೂ ಇದಕ್ಕೆ ದೂರವಾಗಿಲ್ಲ. ಮುಖಭಾವ ತಿಳಿಯಬೇಕಾದರೆ ಮಾತಿನ ನಾಟಕದಲ್ಲಿ ಕೊನೆಯ ಆಸನ ರಂಗದಿಂದ ಸುಮಾರು 20 ಮೀಟರಿನೊಳಗೆ ಇರಬೇಕೆಂಬುದು ಅವರು ಸಾಮಾನ್ಯವಾಗಿ ಪಾಲಿಸುವ ಮಿತಿ. ಇನ್ನು ಕುಳಿತವರ ಕಣ್ಣಿನ ಮಟ್ಟಕ್ಕೂ ನೆತ್ತಿಯ ಮಟ್ಟಕ್ಕೂ ನಡುವಿನ ಅಂತರ ಸುಮಾರು 12 ಸೆಂಟಿಮೀಟರ್ ಆಗಿರುವುದರಿಂದ, ಹಿಂದಿನವರ ದೃಷ್ಟಿರೇಖೆ ಮುಂದಿನವರ ತಲೆಯ ಮೇಲಿಂದ ಅಷ್ಟು ಎತ್ತರದಲ್ಲಿ ಹಾಯ್ದುಹೋಗುವಂತೆ ಸಾಲುಗಳನ್ನು ಏರಿಸುತ್ತ ಹೋಗಬೇಕಾಗುತ್ತದೆ. ನೆಲ ಸಪಾಟಾಗಿದ್ದರೆ ಐದಾರು ಸಾಲುಗಳ ನಂತರ ನೋಡುಗರಿಗೆ ಸಿಗುವುದು ಎರಡು ತಲೆಗಳ ನಡುವಿನ ಸಂದಿ ಮಾತ್ರ, ಮತ್ತು ಆ ಸಂದಿಯಲ್ಲಿ ಪಾತ್ರಧಾರಿಯ ಕಾಲು ಕಾಣುವುದಿಲ್ಲ. ಹೆಜ್ಜೆಗೆ ಮಹತ್ವವಿರುವ ದೊಡ್ಡಾಟಕ್ಕೆ ಇದರಿಂದಾಗುವ ನಷ್ಟವನ್ನು ಹೇಳಬೇಕಾಗಿಲ್ಲ.

ಧ್ವನಿಯ ಲೆಕ್ಕ ಇನ್ನೂ ಕಠಿಣವಾದದ್ದು. ಗೋಡೆಗಳಿಲ್ಲದ ಬಯಲಿನಲ್ಲಿ ದೂರ ಎರಡು ಪಟ್ಟಾದರೆ ದನಿಯ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ. ಸುತ್ತಲೂ ಗೋಡೆಯಿದ್ದರೆ ಗೋಡೆಯಿಂದ ಮರಳಿದ ದನಿ ಮೂಲ ದನಿಗೆ ಬಲ ಕೊಡುತ್ತದೆ, ಆದರೆ ಅದು ಬೇಗ ಮರಳಿದರೆ ಮಾತ್ರ. ದನಿ ಸೆಕೆಂಡಿಗೆ ಸುಮಾರು 1,100 ಅಡಿ ಸಾಗುವುದರಿಂದ, ರಂಗದಿಂದ 60 ಅಡಿ ದೂರದ ಹಿಂದಿನ ಗೋಡೆಗೆ ಬಡಿದು ಮುಂದಿನ ಸಾಲಿಗೆ ಬರುವ ದನಿ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ತಡವಾಗಿ ತಲುಪಿ, ಅಷ್ಟರಲ್ಲಿ ಮುಂದಿನ ಅಕ್ಷರದ ಮೇಲೆ ಬೀಳುತ್ತದೆ. ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ಮೀರಿದ ತಡವನ್ನು ಕಿವಿ ಕಲಸಿದ ಮಾತೆಂದೋ ಮಾರ್ದನಿಯೆಂದೋ ಗ್ರಹಿಸುತ್ತದೆ. ನುಣುಪಾದ ಗಾರೆಯ ಗೋಡೆ, ಗ್ರಾನೈಟ್ ನೆಲ, ತಗಡಿನ ಛಾವಣಿಗಳಿಂದಾದ ದೊಡ್ಡ ಭವನದಲ್ಲಿ ದೂತಿಯ ಚುಟುಕು ಮಾತು ತಿಳಿಯದೆ ಹೋಗುವುದು ಈ ಕಾರಣದಿಂದ. ಅಲ್ಲಿ ಧ್ವನಿವರ್ಧಕದ ಸದ್ದು ಏರಿಸಿದರೆ ಮಾರ್ದನಿಯೂ ಏರುವುದಲ್ಲದೆ ಮಾತು ಸ್ಪಷ್ಟವಾಗುವುದಿಲ್ಲ.

ಹಾಗೆಂದು ನಾಟಕ ದೊಡ್ಡ ಜಾಗಕ್ಕೆ ಹೋಗಲೇಬಾರದೆಂದು ಅರ್ಥವಲ್ಲ. ದೊಡ್ಡ ಜಾಗಕ್ಕೆ ಹೋಗುವ ಮುನ್ನ ನೋಡುಗರ ಸ್ಥಾನವನ್ನು ಹೊಸದಾಗಿ ಯೋಚಿಸಿದವರು ಗೆದ್ದಿದ್ದಾರೆ. ಕುವೆಂಪು ಅವರ ಮಲೆಗಳಲ್ಲಿ ಮದುಮಗಳು ಕಾದಂಬರಿಯನ್ನು ಸಿ. ಬಸವಲಿಂಗಯ್ಯನವರು 2010ರಲ್ಲಿ ಮೈಸೂರಿನ ರಂಗಾಯಣದ ಆವರಣದಲ್ಲಿ ಒಂಬತ್ತು ಗಂಟೆಗಳ ಅಹೋರಾತ್ರಿ ನಾಟಕವಾಗಿ ತಂದಾಗ, ಒಂದಕ್ಕಿಂತ ಹೆಚ್ಚು ಬಯಲು ರಂಗಗಳನ್ನು ಕಟ್ಟಿ ನೋಡುಗರನ್ನೇ ಒಂದರಿಂದ ಇನ್ನೊಂದಕ್ಕೆ ನಡೆಸಿದರು. ಮುಂದೆ ಆ ನಾಟಕ ಬೆಂಗಳೂರಿನ ಕಲಾಗ್ರಾಮಕ್ಕೆ ಬಂದಾಗಲೂ ಆ ತತ್ವ ಕೈಬಿಡಲಿಲ್ಲ, ಹೊಸ ನೆಲದ ಏರಿಳಿತಕ್ಕೆ ತಕ್ಕಂತೆ ರಂಗಗಳನ್ನು ಮತ್ತೆ ಕಟ್ಟಲಾಯಿತು. ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ 2007ರಲ್ಲಿ ಆರಂಭವಾದ ವಾರ್ ಹಾರ್ಸ್ ನಾಟಕ 2009ರಲ್ಲಿ ನ್ಯೂ ಲಂಡನ್ ಥಿಯೇಟರಿಗೆ ಸ್ಥಳಾಂತರಗೊಂಡಾಗ ಸೇರಿದ್ದು ಕೂಡ ನೋಡುಗರು ರಂಗವನ್ನು ಬಳಸಿ ಕೂರುವ ಮನೆಯನ್ನೇ. ನೀನಾಸಂ ತಿರುಗಾಟದ ರೀತಿ ಬೇರೆ. 1985ರಿಂದ ಊರೂರು ಸುತ್ತುವ ಆ ತಂಡ ಎಂಥ ರಂಗ ಸಿಕ್ಕರೂ ಅದಕ್ಕೆ ಹೊಂದಿಕೊಳ್ಳುವಂತೆ ಸರಳವಾದ ರಂಗಸಜ್ಜಿಕೆಯನ್ನು ಮೊದಲೇ ರೂಪಿಸಿಕೊಂಡು ಹೊರಡುತ್ತದೆ.

ಈ ನಾಲ್ಕು ತಾಲೂಕುಗಳ ಪಟ್ಟಣಗಳಲ್ಲಿ ನಾಟಕಕ್ಕೆ ಸಿಗುವ ಭವನಗಳು ಹೆಚ್ಚಾಗಿ ಬಹೂಪಯೋಗಿ. ಮದುವೆ, ಸಮಾವೇಶ, ಸನ್ಮಾನ, ಶಾಲಾ ವಾರ್ಷಿಕೋತ್ಸವಗಳ ನಡುವೆ ಒಂದು ರಾತ್ರಿ ನಾಟಕ. ಅಂಥ ಕಟ್ಟಡದ ವೇದಿಕೆ ಭಾಷಣಕ್ಕೆ ಒಪ್ಪುವಂತೆ ಎತ್ತರವಾಗಿರುತ್ತದೆ, ನೆಲ ಊಟದ ಸಾಲಿಗೆ ಒಪ್ಪುವಂತೆ ಸಪಾಟಾಗಿರುತ್ತದೆ, ವೇದಿಕೆಗೂ ಮೊದಲ ಸಾಲಿಗೂ ನಡುವೆ ಗಣ್ಯರ ಸೋಫಾಗಳಿಗಾಗಿ ಖಾಲಿ ಜಾಗ ಬಿಟ್ಟಿರುತ್ತದೆ. ಆ ಖಾಲಿ ಜಾಗವೇ ಅಲ್ಲಿನ ಅತ್ಯಮೂಲ್ಯ ಜಾಗ. ಮುಖಭಾವ ಚೆನ್ನಾಗಿ ಕಾಣುವ ದೂರ ಅದೇ. ನಾಟಕದ ದಿನ ಅಲ್ಲಿ ಜಮಖಾನೆ ಹಾಸಿ ಮಕ್ಕಳನ್ನು, ನೆಲದ ಮೇಲೆ ಕೂರಬಲ್ಲ ಎಲ್ಲರನ್ನು ಕೂರಿಸಿದರೆ ಪಾತ್ರಧಾರಿಗೆ ಎದುರಿನ ಜನ ಕೈಗೆ ಸಿಕ್ಕಂತಾಗುತ್ತದೆ. ಸಣ್ಣಾಟವಾದರೆ ಭವನದ ವೇದಿಕೆಯನ್ನೇ ಬಿಟ್ಟು, ಉದ್ದನೆಯ ಗೋಡೆಯ ನಡುಭಾಗಕ್ಕೆ ಒರಗಿಸಿ ಎರಡು ಮೂರು ಅಡಿ ಎತ್ತರದ ಅಟ್ಟ ಹಾಕಿ, ಮೂರು ಬದಿಗೆ ಕುರ್ಚಿಗಳನ್ನು ಹರಡುವುದು ಇನ್ನೂ ಮೇಲು; ಕುರ್ಚಿಗಳು ಸಾಲಿನಿಂದ ಸಾಲಿಗೆ ಅರ್ಧ ಕುರ್ಚಿಯಷ್ಟು ಪಕ್ಕಕ್ಕೆ ಸರಿದಿದ್ದರೆ ತಲೆಯ ಅಡ್ಡಿ ಬಹಳ ಮಟ್ಟಿಗೆ ತಪ್ಪುತ್ತದೆ. ಇದಕ್ಕೆ ಹಣ ಬೇಕಾಗಿಲ್ಲ, ಹಿಂದಿನ ದಿನ ಬಂದು ಅಳೆದು ನೋಡುವ ವ್ಯವಧಾನ ಬೇಕು.

ಹೆಂಗಸರ ಜಾಗದ ಪ್ರಶ್ನೆಯನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಅಟ್ಟದ ಕಾಲದಲ್ಲಿ ಅವರು ಒಂದು ಪಕ್ಕಕ್ಕೆ ಕೂರುತ್ತಿದ್ದರೂ ಮೂರು ಬದಿಯ ರಂಗವಾದ್ದರಿಂದ ಆ ಪಕ್ಕ ರಂಗಕ್ಕೆ ಸಮೀಪವೇ ಇರುತ್ತಿತ್ತು. ಅದೇ ರೂಢಿಯನ್ನು ಒಂದೇ ಬದಿಯ ಭವನಕ್ಕೆ ತಂದಾಗ ಅವರ ಪಾಲಿಗೆ ಬಂದದ್ದು ಅಂಚಿನ ಅಥವಾ ಹಿಂದಿನ ಕುರ್ಚಿಗಳು, ಅಲ್ಲಿಂದ ಪಕ್ಕದ ಪರದೆ ಅಡ್ಡವಾಗಿ ಅರ್ಧ ರಂಗವೇ ಕಾಣುವುದಿಲ್ಲ. ಸತ್ಯಭಾಮೆಯ ಮುನಿಸಿನ ಮರ್ಮವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ನೋಡುಗರಿಗೆ ಆಟದ ಅರ್ಧ ಮಾತ್ರ ಸಿಗುವುದು ಆಟಕ್ಕೂ ಅನ್ಯಾಯ, ಅವರಿಗೂ ಅನ್ಯಾಯ. ವಯಸ್ಸಾದವರಿಗೂ ಕಾಲು ನೋವಿನವರಿಗೂ ಪಕ್ಕದ ಬಾಗಿಲಿನ ಹತ್ತಿರ, ಆದರೆ ಮೊದಲ ಹತ್ತು ಸಾಲುಗಳೊಳಗೆ, ಬೆನ್ನಿರುವ ಕುರ್ಚಿ ಮೀಸಲಿಡುವುದು ಇದರ ಜೊತೆಗೇ ಆಗಬೇಕಾದ ಕೆಲಸ.

ಹೊಸದಾಗಿ ಕಟ್ಟುವ ಮಂದಿರಗಳ ವಿಷಯದಲ್ಲಿ ಸಾವಿರ ಆಸನ, ಎರಡು ಸಾವಿರ ಆಸನ ಎಂಬ ಸಂಖ್ಯೆಯೇ ಬೇಡಿಕೆಯ ಮೊದಲ ಸಾಲಾಗುವುದು ಸಾಮಾನ್ಯ. ಗದಾಯುದ್ಧವನ್ನು ಬರೆದ ರನ್ನ ಹುಟ್ಟಿದ ಮುಧೋಳವಾಗಲಿ, ಪಾರಿಜಾತದ ಹಾಡುಗಳನ್ನು ಬಾಯಿಪಾಠ ಬಲ್ಲ ನೇಕಾರರ ರಬಕವಿ-ಬನಹಟ್ಟಿಯಾಗಲಿ ಮೊದಲು ಕೇಳಬೇಕಾದದ್ದು ಕೊನೆಯ ಆಸನ ರಂಗದಿಂದ ಎಷ್ಟು ದೂರ, ನೆಲ ಎಷ್ಟು ಏರುತ್ತದೆ, ಧ್ವನಿವರ್ಧಕವಿಲ್ಲದೆ ಮಾತು ಎಷ್ಟು ದೂರ ತಲುಪುತ್ತದೆ ಎಂಬ ಮೂರು ಪ್ರಶ್ನೆಗಳನ್ನು. ನಾನೂರು ಆಸನಗಳ, ಮೆಟ್ಟಿಲು ಮೆಟ್ಟಿಲಾಗಿ ಏರುವ, ಮುಂದಿನ ನಾಲ್ಕು ಸಾಲುಗಳನ್ನು ಕಳಚಿ ರಂಗವನ್ನು ಮುಂದಕ್ಕೆ ಚಾಚಬಹುದಾದ ಒಂದು ಮಂದಿರವಿದ್ದರೆ ಅದರಲ್ಲಿ ಸಣ್ಣಾಟವೂ ಹವ್ಯಾಸಿ ನಾಟಕವೂ ನಡೆಯಬಲ್ಲವು. ಜಾತ್ರೆಯ ಸಾವಿರಾರು ಜನರಿಗೆ ಹೇಗೂ ಬಯಲಿದೆ, ಕಂಪನಿಯ ಥೇಟರಿದೆ. ನಕ್ಷೆ ತಯಾರಾಗುವ ಹಂತದಲ್ಲಿಯೇ ವಾಸ್ತುಶಿಲ್ಪಿಯ ಪಕ್ಕದಲ್ಲಿ ಪಾರಿಜಾತದ ಒಬ್ಬ ಭಾಗವತರನ್ನು, ಒಬ್ಬ ಪೆಟ್ಟಿಗೆ ಮಾಸ್ತರರನ್ನು, ಹಿಂದಿನ ಸಾಲಿನಲ್ಲಿ ಕೂತು ಬೇಸತ್ತ ಒಂದಿಬ್ಬರು ಪ್ರೇಕ್ಷಕರನ್ನು ಕೂರಿಸಿಕೊಂಡು ಕೇಳಬೇಕು. ಕಾಂಕ್ರೀಟು ಬಿದ್ದ ಮೇಲೆ ಇಪ್ಪತ್ತನೆಯ ಸಾಲನ್ನು ಹತ್ತನೆಯ ಸಾಲಿನ ಜಾಗಕ್ಕೆ ತರಲು ಯಾವ ಮೇಳದಿಂದಲೂ ಆಗುವುದಿಲ್ಲ.